ಸೌದೆ ಕೊಟ್ಟಿಗೆ ಕೆಡವುವ ಅರ್ಜಿ

ಆ ಮನೆಯ ಮುಂದಿನ ಮೆಟ್ಟಿಲುಗಳು ಎಷ್ಟು ಉದ್ದವೆಂದರೆ, ಮೇಲಿನಿಂದ ಹೊರಟ ಬೆಕ್ಕಿನ ಮರಿ ಬೀದಿ ಮುಟ್ಟುವಷ್ಟರಲ್ಲಿ ಮುದಿ ಬೆಕ್ಕಾಗಿರುತ್ತಿತ್ತು. ಅಂಥ ಮೆಟ್ಟಿಲುಗಳನ್ನು ಬಡಗಿ ದಿನಾ ಬೆಳಗ್ಗೆ ತನ್ನ ಅಕ್ಕನನ್ನು ಬೆನ್ನಿಗೇರಿಸಿಕೊಂಡು ಇಳಿಯುತ್ತಿದ್ದ, ಸಂಜೆ ಮತ್ತೆ ಹತ್ತುತ್ತಿದ್ದ. ಅಪಘಾತವೊಂದರಲ್ಲಿ ಅಕ್ಕನ ಕಾಲುಗಳು ಸೋತಿದ್ದವು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

"ನೆಟ್ಟಗೆ ಇಳಿಯೋ, ನಾನೇನು ಮರದ ದಿಮ್ಮಿನಾ?"

"ದಿಮ್ಮಿ ಆಗಿದ್ರೆ ಸುಮ್ನಿರ್ತಿತ್ತು ಕಣೇ ಅಕ್ಕ."

ಬಡಗಿಯ ಸೊಂಟ ಆಗಲೇ ಮೂರು ಲೋಕಕ್ಕೆ ಕೇಳುವಂತೆ ಲಟಲಟ ಎನ್ನುತ್ತಿತ್ತು. ಮೆಟ್ಟಿಲ ಮೇಲೆ ಹಲಗೆ ಹಾಸಿ ಗಾಲಿಕುರ್ಚಿ ಇಳಿಸೋಣವೆಂದರೆ, ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿತ್ತು. ಮುಂಭಾಗದಲ್ಲಿ ಒಂದು ಮೊಳೆ ಹೊಡೆದರೂ ಪುರಸಭೆಗೆ ಜ್ವರ ಬರುತ್ತಿತ್ತು. ಹಿಂದುಗಡೆ ಹಿತ್ತಿಲು ಮಾತ್ರ ಮನೆಯ ನೆಲಕ್ಕೆ ಸಮ, ಅಂಗೈಯಂತೆ ಸಪಾಟು. ಅದರಾಚೆ ಗಲ್ಲಿ, ಗಲ್ಲಿಯ ತುದಿಗೆ ಅಕ್ಕ ಕೆಲಸ ಮಾಡುವ ಲೈಬ್ರರಿ. ಆದರೆ ಹಿತ್ತಿಲಿಗೂ ಗಲ್ಲಿಗೂ ನಡುವೆ, ಈ ಕಾಂಪೌಂಡಿನಿಂದ ಆ ಕಾಂಪೌಂಡಿನವರೆಗೆ, ಒಂದು ಹಳೇ ಸೌದೆ ಕೊಟ್ಟಿಗೆ ಅಡ್ಡ ಬಿದ್ದುಕೊಂಡಿತ್ತು. ಯಾರಾದರೂ ಸೀನಿದರೆ ಅದು ಓಲಾಡುತ್ತಿತ್ತು. ಅದೊಂದು ಹೋದರೆ ಅಕ್ಕ ಯಾರ ಹಂಗೂ ಇಲ್ಲದೆ ತನ್ನ ಚಕ್ರದ ಮೇಲೆ ತಾನೇ ಹೋಗಿಬರಬಹುದಿತ್ತು.

ಕೊಟ್ಟಿಗೆಯೂ ಅದೇ ಪಟ್ಟಿಯಲ್ಲಿದ್ದುದರಿಂದ, ಕೆಡವಲು ಅನುಮತಿ ಕೊಡಿ ಎಂದು ಅರ್ಜಿ ಹಾಕಿದರು. ಆ ಪುರಸಭೆಯಲ್ಲಿ ಒಂದು ಕಾಗದ ಈ ಮೇಜಿನಿಂದ ಆ ಮೇಜಿಗೆ ದಾಟುವಷ್ಟರಲ್ಲಿ ಗುಮಾಸ್ತರಿಗೆ ಮೊಮ್ಮಕ್ಕಳಾಗುತ್ತಿದ್ದರು. ಕೊನೆಗೂ ಇಂಜಿನಿಯರು ಬಂದರು. ಕೊಟ್ಟಿಗೆಯ ಬಾಗಿಲಲ್ಲೇ ನಿಂತರು.

"ಪಾರಂಪರಿಕ ಸಮಿತಿಯವರು ಒಳಗೆ ಹೋಗಿ ನೋಡದೆ ಅನುಮತಿ ಕೊಡೋ ಹಾಗಿಲ್ಲ. ಅವರ ತಲೆ ಮೇಲೆ ಬಿದ್ರೆ ಯಾರು ಹೊಣೆ? ಅಷ್ಟು ಹೊತ್ತು ನಿಲ್ಲೋ ಹಾಗೆ ಏನಾದ್ರೂ ಆಧಾರ ಕೊಡಿ."

"ಬೀಳ್ಸೋಕೆ ಮುಂಚೆ ನಿಲ್ಲಿಸ್ಬೇಕಾ ಸಾರ್?"

"ರೂಲ್ಸು ಕಣಯ್ಯ. ನಾನು ಮಾಡಿದ್ದಲ್ಲ," ಎಂದು ಇಂಜಿನಿಯರು ಜಗತ್ತಿನ ಆಯಾಸವನ್ನೆಲ್ಲ ಒಂದೇ ಉಸಿರಿನಲ್ಲಿ ಹೊರಹಾಕಿದರು.

"ಎರಡು ಬೊಂಬು ಆನಿಸಿ ಬಿಡು ಸಾಕು," ಎಂದಳು ಅಕ್ಕ.

ಬಡಗಿ ಎರಡು ಬೊಂಬನ್ನೇ ತಂದ. ಆದರೆ ತೊಲೆಯ ಕೆಳಗೆ ಬೊಂಬು ಸೊಟ್ಟಗೆ ನಿಂತದ್ದನ್ನು ನೋಡಿ ಅವನಿಗೆ ಅನ್ನ ಸೇರಲಿಲ್ಲ. ತೆಗೆದು ಕಂಬ ಕೊಟ್ಟ. ಕಂಬ ಬಂದಮೇಲೆ ಕೊಳೆತ ತೊಲೆ ಅಸಹ್ಯವಾಗಿ ಕಂಡಿತು, ಅದನ್ನು ಬದಲಿಸಿದ. ಹೊಸ ತೊಲೆಯ ಮೇಲೆ ಹಳೇ ಜಂತೆ ಕೂರಲಿಲ್ಲ. ಹೀಗೆ ಒಂದರ ಬಾಲ ಹಿಡಿದು ಇನ್ನೊಂದು. ಭೂಮಿ ತಿರುಗುವುದನ್ನು ನಿಲ್ಲಿಸಿದರೂ ಹೊಸ ಜಂತೆಗಳು ಅಲುಗುವಂತಿರಲಿಲ್ಲ.

"ಏನೋ ಇದು? ಕೆಡವೋ ಕೊಟ್ಟಿಗೆಗೆ ಅಲಂಕಾರ!"

"ಸೊಟ್ಟ ಕೆಲಸ ನನ್ನ ಕೈಗೆ ಬರಲ್ಲ ಕಣೇ."

ಸಮಿತಿ ಬಂತು. ಅಧ್ಯಕ್ಷೆ ಛತ್ರಿಯ ತುದಿಯಿಂದ ತೊಲೆಗೆ ಕುಟ್ಟಿದರು. ತೊಲೆ ಠಣ್ ಎಂದಿತು.

"ಶಿಥಿಲವಾಗಿದೆ ಅಂತ ಬರೆದಿದ್ದೀರಲ್ರೀ? ಯಾರು ಮಾಡಿದ್ದು ಈ ಕೆಲಸ?"

ಅಕ್ಕ ಗುಡುಗಿನಂತೆ ಕೆಮ್ಮಿದಳು. ಬಡಗಿಯ ಎದೆ ಅಷ್ಟರಲ್ಲಿ ನಗಾರಿಯಷ್ಟು ಉಬ್ಬಿಹೋಗಿತ್ತು.

"ನಾನೇ ಮೇಡಂ! ಇನ್ನು ಆನೆ ಬಂದು ಒರಗಿದ್ರೂ..." ಎಂದವನು ಅಕ್ಕನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಆನೆ ಆಗಲೇ ಬಾಯಿಂದಾಚೆ ಹೋಗಿತ್ತು.

"ಗಟ್ಟಿಯಾಗಿರೋ ಪಾರಂಪರಿಕ ಕಟ್ಟಡ ಕೆಡವೋಕೆ ನಮಗೆ ಅಧಿಕಾರ ಇಲ್ಲಮ್ಮ," ಎಂದರು ಅಧ್ಯಕ್ಷೆ, ಅಕ್ಕನತ್ತ ತಿರುಗಿ. "ನಿಮ್ಮ ಕಷ್ಟ ಗೊತ್ತಾಗುತ್ತೆ. ಆದ್ರೆ ನಮ್ಮ ಕೈ ಕಟ್ಟಿದೆ."

"ನನ್ನ ಕಾಲು ಕಟ್ಟಿದೆ," ಎಂದಳು ಅಕ್ಕ. ಇಂಜಿನಿಯರು ತಮ್ಮ ಬೂಟು ನೋಡಿಕೊಂಡರು. ಅಷ್ಟೇ. ಎಲ್ಲರೂ ಹೊರಟುಹೋದರು.

ಮರುದಿನ ಬೆಳಗ್ಗೆ ಬಡಗಿ ಬಾಗಿದ. ಅಕ್ಕ ಅವನ ಕತ್ತಿಗೆ ಕೈ ಹಾಕಿದಳು. ಅವಳು ಬಾಯಿ ಮುಚ್ಚಿಕೊಂಡಾಗ ಬೆಟ್ಟದಷ್ಟು ಭಾರವಾಗಿದ್ದಳು. ಅರ್ಧ ಇಳಿದಾಗ ಅವನು ನಿಂತು ಸುಧಾರಿಸಿಕೊಂಡ.

"ಬೈದುಬಿಡೇ ಅಕ್ಕ."

"ಬೈಯೋಕೂ ಸುಸ್ತು ಕಣೋ." ಆಮೇಲೆ ಅವಳೇ ಕೇಳಿದಳು: "ಆ ಕೊಟ್ಟಿಗೆಯ ಹಿಂದಿನ ಗೋಡೇಲಿ, ಗಲ್ಲಿ ಕಡೆಗೆ ಒಂದು ಬಾಗಿಲಿಟ್ರೆ?"

"ಮೊದಲು ಅದಕ್ಕೆ ಕೈ ಹಚ್ಚಿದ್ರೆ ಪೂರ್ತಿ ಕುಸೀತಿತ್ತು. ಈಗ ತಡ್ಕೊಳ್ಳುತ್ತೆ."

"ಹಾಗಾದ್ರೆ ಬಾಗಿಲಿಗೆ ಅರ್ಜಿ ಹಾಕು. ಮತ್ತೆ ಅದೇ ಮೇಜು, ಅದೇ ಗುಮಾಸ್ತರು. ಏನ್ಮಾಡೋದು! ಆದ್ರೆ ಅವರು ನೋಡೋಕೆ ಬಂದ ದಿನ ನೀನು ಮನೇಲಿರ್ಬೇಡ, ತಿಳೀತಾ?"

"ಹ್ಞೂಂ," ಎಂದ ಬಡಗಿ. ಇನ್ನೂ ಅರ್ಧದಷ್ಟು ಮೆಟ್ಟಿಲುಗಳು ಉಳಿದಿದ್ದವು. ಅವನ ತಲೆ ಆಗಲೇ ಬಾಗಿಲ ಚೌಕಟ್ಟಿಗೆ ಮರ ಆರಿಸುತ್ತಿತ್ತು.