ಕಳ್ಳಿಬೇಲಿಯ ಜೇಡ

ಎಳ್ಳುಕಾಳಿನಷ್ಟು ಗಾತ್ರ, ಹಳದಿ ಹೊಟ್ಟೆ, ಬೆನ್ನ ಮೇಲೆ ಎರಡು ಕರಿ ಗೆರೆ. ವಿಜಯಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಶೈಲಶ್ರೀ ಈ ಜೇಡದ ಬೆನ್ನು ಹತ್ತಿ ವರ್ಷಗಳಾಗಿದ್ದವು. ಅರಕೇರಿ, ಬಬಲೇಶ್ವರ, ತಿಕೋಟಾ ಎಂದು ಎಲ್ಲಿ ಹಳೆಯ ಕಳ್ಳಿಬೇಲಿ ಉಳಿದಿತ್ತೋ ಅಲ್ಲಿ ಮಾತ್ರ ಅದು ಬದುಕಿತ್ತು. ಬೇಲಿ ಕಿತ್ತು ತಂತಿ ಎಳೆದ ಕಡೆ ಒಂದೂ ಇರಲಿಲ್ಲ.

ಅವಳಿಗೆ ಅದು ಹೇರಳವಾಗಿ ಸಿಕ್ಕಿದ್ದು ತಿಕೋಟಾದಲ್ಲಿ, ಸಿದ್ದರಾಮನ ದ್ರಾಕ್ಷಿ ತೋಟದ ಬೇಲಿಯಲ್ಲಿ. ಒಂದು ಬೆಳಿಗ್ಗೆ ಅವನೇ ಫೋನು ಮಾಡಿದ.

“ನಿಮ್ಮ ಹುಳ ನಮ್ಮ ಕಾವ್ಯಾನ ಜೀವಾ ತಗೊಂತ್ರಿ, ಮೇಡಮ್ಮಾರ. ಬೇಲಿ ಸುಡಾಕತ್ತೇವಿ.”

ಅವಳು ಸಿಕ್ಕ ಬಸ್ಸು ಹತ್ತಿ ಹೋದಳು. ತೋಟದ ಮನೆಯ ಮುಂದೆ ಡೀಸೆಲ್ ಕ್ಯಾನು ಹಿಡಿದು ಜನ ನಿಂತಿದ್ದರು. ಸಿದ್ದರಾಮನ ಐದು ವರ್ಷದ ಮಗಳು ಕಾವ್ಯಾ ಹಿಂದಿನ ದಿನ ಬೇಲಿಯ ಹತ್ತಿರ ಆಡುತ್ತಿದ್ದವಳು ವಾಂತಿ ಮಾಡಿಕೊಂಡಳಂತೆ. ಬಾಯಲ್ಲಿ ನೊರೆ ಬಂತು, ಮೈ ಬೆವರಿ ತೊಯ್ದುಹೋಯಿತು, ಆಸ್ಪತ್ರೆಯ ದಾರಿಯಲ್ಲೇ ಉಸಿರು ನಿಂತಿತು. ಮೈಗೆ ವಿಷ ಏರಿದೆ ಎಂದಷ್ಟೇ ವೈದ್ಯರು ಹೇಳಿದ್ದರು. ಅವಳ ಫ್ರಾಕಿನ ಮೇಲೆ ಈ ಜೇಡ ಇತ್ತು.

ಆ ಜೇಡದ ಹಲ್ಲು ಕೂಸಿನ ಚರ್ಮಕ್ಕೂ ಇಳಿಯುವಂಥದ್ದಲ್ಲ. ಮಗು ಏನು ತಿಂದಿತ್ತು, ಏನು ಕುಡಿದಿತ್ತು ಎಂದು ಶೈಲಶ್ರೀ ಕೇಳಿದಳು. ಏನೂ ತಿಂದಿರಲಿಲ್ಲ, ನೀರಡಿಸಿದೆ ಅಂದಾಗ ಶೆಡ್ಡಿನ ಬಾಟಲಿಯಿಂದ ತಾನೇ ನೀರು ಕುಡಿಸಿದ್ದೆ ಎಂದಳು ಅಜ್ಜಿ ಮುರಿಗೆವ್ವ.

ಶೆಡ್ಡಿನಲ್ಲಿ ಬಳ್ಳಿಗೆ ಹೊಡೆಯುವ ಔಷಧಿಯ ಬಿಳಿ ಬಾಟಲಿಗಳು ಸಾಲಾಗಿದ್ದವು. ಕೆಲವನ್ನು ತೊಳೆದು ನೀರು ತುಂಬಿಟ್ಟಿದ್ದರು, ಕೆಲವುಗಳಲ್ಲಿ ಔಷಧಿ ಉಳಿದಿತ್ತು. ಎಲ್ಲವೂ ಒಂದೇ ಥರ. ಮುದುಕಿಗೆ ಕಣ್ಣು ಮಂಜು. ಅವಳು ತೋರಿಸಿದ ಬಾಟಲಿಯ ಮುಚ್ಚಳ ತೆಗೆದರೆ ಘಾಟು ಮೂಗಿಗೆ ರಾಚಿತು.

ಹೇಳದೆ ಬಸ್ಸು ಹತ್ತಬಹುದಿತ್ತು. ಬೇಲಿ ಸುಟ್ಟುಹೋಗುತ್ತಿತ್ತು, ಮುದುಕಿ ಬದುಕಿಕೊಳ್ಳುತ್ತಿದ್ದಳು. ಆದರೆ ಸಿದ್ದರಾಮನ ಹೆಂಡತಿ ಲಕ್ಷ್ಮಿಯ ತೊಡೆಯ ಮೇಲೆ ಇನ್ನೊಂದು ಕೂಸಿತ್ತು. ನಾಳೆ ಅದಕ್ಕೂ ನೀರಡಿಸುತ್ತದೆ.

ಹೇಳಿದಳು.

ಮುರಿಗೆವ್ವ ನೆಲಕ್ಕೆ ಕುಸಿದು ಮಗನ ಕಾಲು ಹಿಡಿದಳು. “ನಾನ ಕುಡಿಸೀನಿ, ಯಪ್ಪಾ. ಸಾಕು ಅಂದ್ರೂ ಬಿಡಲಿಲ್ಲ.”

ಸಿದ್ದರಾಮ ಕಾಲು ಬಿಡಿಸಿಕೊಂಡ. ಹೊರಗೆ ಹೋಗಿ ಕ್ಯಾನು ಇಸಿದುಕೊಂಡು ಬೇಲಿಗೆ ಡೀಸೆಲ್ ಸುರಿದ. ಯಾರೂ ತಡೆಯಲಿಲ್ಲ, ಶೈಲಶ್ರೀಯೂ ತಡೆಯಲಿಲ್ಲ. ಹಸಿ ಕಳ್ಳಿ ಬೇಗ ಹತ್ತಲಿಲ್ಲ. ಅವನು ಸಂಜೆಯವರೆಗೂ ಬಿಡದೆ ಸುಟ್ಟ.

ಮುರಿಗೆವ್ವ ಅನ್ನ ಬಿಟ್ಟಳು. ದೀಪಾವಳಿ ಕಾಣಲಿಲ್ಲ. ಸುದ್ದಿ ತಿಳಿಸಲು ಲಕ್ಷ್ಮಿ ಫೋನು ಮಾಡಿದಾಗ ಶೈಲಶ್ರೀ ಕೂಸು ಹೇಗಿದೆ ಎಂದು ಕೇಳಿದಳು.

“ಆರಾಮೈತ್ರಿ. ನೀವು ಹೇಳಿದ್ದು ಛಲೋ ಆತು,” ಎಂದಳು ಲಕ್ಷ್ಮಿ. “ಆದ್ರ ನಮ್ಮ ಕಡೆ ಬರಬ್ಯಾಡ್ರಿ.”