ಪಟದ ಬೆನ್ನಿನ ಬರಹ

ಯಾರ ಪಟ ತೆಗೆದರೂ ಧರ್ಣಪ್ಪನವರು, ಕ್ಯಾಮೆರಾವನ್ನು ಚರ್ಮದ ಚೀಲಕ್ಕೆ ಸೇರಿಸುವ ಮೊದಲು, ಕರಿಯ ಕೋಟಿನ ಜೇಬಿನಿಂದ ಪೆನ್ಸಿಲ್ ತೆಗೆದು, "ಈಗ ಇಲ್ಲಿ ಎಂತ ಆಯಿತು, ನೀವೇ ಹೇಳಿ" ಎಂದು ಕೇಳುತ್ತಿದ್ದರು. ಕಣ್ಣೆದುರೇ ಒಲೆ ಊದುತ್ತಿದ್ದ ಹೆಂಗಸು ಇದೆಂಥ ಪ್ರಶ್ನೆಯೆಂದು ನಕ್ಕರೂ ಬಿಡುವ ಆಸಾಮಿಯಲ್ಲ. ಹೇಳಿದ್ದನ್ನು ಹೇಳಿದಂತೆಯೇ ಗುರುತು ಹಾಕಿಕೊಂಡು, ಪಟ ತೊಳೆದ ಮೇಲೆ ಅದರ ಬೆನ್ನಿಗೆ ಬರೆದಿಡುತ್ತಿದ್ದರು.

ಆ ಅಭ್ಯಾಸ ಹುಟ್ಟಿದ್ದು ಒಂದು ತಪ್ಪಿನಿಂದ. ಬಂಟ್ವಾಳ ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಅವರು ಮದುವೆಯ ಪಟಗಳಿಂದ ಹೊಟ್ಟೆ ಹೊರೆದು, ಆದಿತ್ಯವಾರಗಳನ್ನು ಮಾತ್ರ ಹಂಚಿನ ಕಾರ್ಖಾನೆಯ ಹಿಂದೆ, ನೇತ್ರಾವತಿಯ ದಂಡೆಗೆ ಒತ್ತಿ ನಿಂತ ಕೂಲಿಗಳ ಗುಡಿಸಲುಸಾಲಿಗೆ ಮೀಸಲಿಟ್ಟಿದ್ದರು. ಬಲಗಾಲನ್ನು ತುಸು ಎಳೆಯುತ್ತ ಬಂದು, ಯಾರದೋ ಹೊಸ್ತಿಲಲ್ಲಿ ಕುಳಿತು, ಮನೆಯವರು ತಮ್ಮನ್ನು ಮರೆಯುವವರೆಗೆ ಸುಮ್ಮನಿರುವ ತಾಳ್ಮೆ ಅವರದು. ಹಾಗೆ ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ಕಾರ್ಖಾನೆಯ ಕೂಲಿ ತುಕ್ರಪ್ಪನ ಹೆಂಡತಿ ಪೂವಮ್ಮನ ಮೂವರು ಮಕ್ಕಳು ಒಂದೇ ಬಟ್ಟಲಿಗೆ ಕೈಹಾಕಿ ಉಣ್ಣುವ ಪಟ ಸಿಕ್ಕಿತು. 'ಹಸಿವು' ಎಂದು ಹೆಸರಿಟ್ಟು ಮಂಗಳೂರಿನ ಪ್ರದರ್ಶನಕ್ಕೆ ಕಳಿಸಿದರು. ಬೆಳ್ಳಿಯ ಪದಕ ಬಂತು, ಪತ್ರಿಕೆಯಲ್ಲಿ ಪಟವೂ ಬಂತು.

ವಾರದೊಳಗೆ ಪೂವಮ್ಮ ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದಳು.

"ನಮ್ಮಲ್ಲಿ ಬಟ್ಟಲು ನಾಲ್ಕು ಉಂಟು. ಆ ದಿನ ಮಕ್ಕಳು ಹೊಡೆದಾಡಿಕೊಂಡಿದ್ದರು, ರಾಜಿಯಾಗಲಿ ಅಂತ ಒಂದರಲ್ಲೇ ಬಡಿಸಿದ್ದು. ಈಗ ಕಾರ್ಖಾನೆಯಲ್ಲಿ, ತುಕ್ರಪ್ಪ ಮಕ್ಕಳನ್ನು ಉಪವಾಸ ಹಾಕ್ತಾನೆ ಅಂತ ನಗಾಡ್ತಾರೆ. ನಮ್ಮವರು ಮೂರು ದಿನದಿಂದ ಸರಿಯಾಗಿ ಊಟಕ್ಕೆ ಕೂತಿಲ್ಲ."

ಧರ್ಣಪ್ಪನವರಿಗೆ ಭೂಮಿ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು. ಮಂಗಳೂರಿಗೆ ಹೋಗಿ ಪದಕ ಒಪ್ಪಿಸಿ, ಪಟ ಬಿಚ್ಚಿಸಿಕೊಂಡು ಬಂದರು. ಪತ್ರಿಕೆಗೆ ಬರೆದ ತಿದ್ದುಪಡಿ ಅಚ್ಚಾಗಲಿಲ್ಲ. ಆಗ ಸ್ಟುಡಿಯೋದ ಮುಂಗಾಜಿನಿಂದ ಮದುಮಕ್ಕಳನ್ನೆಲ್ಲ ತೆಗೆದು, ಅದೊಂದೇ ಪಟವನ್ನಿಟ್ಟು, ಕೆಳಗೆ ಪೂವಮ್ಮ ಹೇಳಿದ ರಾಜಿಯ ಮಾತನ್ನು ದಪ್ಪ ಅಕ್ಷರಗಳಲ್ಲಿ ಬರೆದು, ತಪ್ಪು ತಮ್ಮದೆಂದು ಸಹಿ ಹಾಕಿದರು. ಕಾರ್ಖಾನೆ ಬಿಟ್ಟ ಹೊತ್ತಿಗೆ ಕೆಲಸಗಾರರು ಗುಂಪುಗೂಡಿ ಓದಿದರು. ಎಲ್ಲರೂ ಹೋದ ಮೇಲೆ ತುಕ್ರಪ್ಪ ಬಂದು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ, ಹೆಗಲ ಮೇಲಿನ ಬೈರಾಸು ವಸ್ತ್ರ ಸರಿಮಾಡಿಕೊಂಡ.

"ಬರುವ ಆದಿತ್ಯವಾರ ಊಟಕ್ಕೆ ಬನ್ನಿ," ಎಂದ. "ಆ ಪೆಟ್ಟಿಗೆ ಬೇಡ."

ಬರಿಗೈಯಲ್ಲಿ ಹೋದ ಧರ್ಣಪ್ಪನವರನ್ನು ತುಕ್ರಪ್ಪನ ಎದುರಿಗೆ ಕೂರಿಸಿ, ಪೂವಮ್ಮ ಇಬ್ಬರಿಗೂ ಒಂದೇ ಬಟ್ಟಲಲ್ಲಿ ಬಡಿಸಿದಳು. ಒಂದೇ ಬಟ್ಟಲಿನ ಊಟವನ್ನು ಎಂಜಲೆಂದು ಹಳಿಯುವ ಕಾಲದಲ್ಲಿ ಆ ಇಬ್ಬರೂ ಬಟ್ಟಲು ಬರಿದಾಗುವವರೆಗೆ ಉಂಡರು.

ಬಡವರ ಪಟ ತೆಗೆಯುವವರು ಬಹುಮಟ್ಟಿಗೆ ತಮ್ಮ ಕರುಣೆಯ ಪಟವನ್ನೇ ತೆಗೆದುಕೊಂಡು ಹೋಗುತ್ತಾರೆ. ತಪ್ಪಾಯಿತೆಂದು ಅದೇ ಹೊಸ್ತಿಲಿಗೆ ಮರಳಿ ಬಂದು, ಬಟ್ಟಲಿಗೆ ಕೈಹಾಕುವವರು ಎಲ್ಲೋ ಒಬ್ಬರು.