ಎರಡನೆಯ ಸಲ ತಿರುಗಿಸಿದ ಕೀಲಿ

ನೆರೆ ನೀರು ಇಳಿದ ಮರುದಿನ ಬೀದಿಯಲ್ಲಿ ಒಣಹಾಕದ ವಸ್ತುವೇ ಇರಲಿಲ್ಲ. ಗೇಟುಗಳ ಮೇಲೆ ಹಾಸಿಗೆ, ಕಾಂಪೌಂಡುಗಳ ಮೇಲೆ ದಿಂಬು, ಕಿಟಕಿಯ ಸರಳುಗಳಿಗೆ ಕ್ಲಿಪ್ಪು ಹಾಕಿ ಸಿಕ್ಕಿಸಿದ ಮನೆಪತ್ರ, ಮಾರ್ಕ್ಸ್‌ಕಾರ್ಡು. ಟೈಲರಮ್ಮ ಬೆಳಗಿನಿಂದ ಸೊಂಟ ನೆಟ್ಟಗೆ ಮಾಡಿರಲಿಲ್ಲ. ಹೊಲಿಗೆ ಯಂತ್ರ ಮಹಡಿಯ ಮೇಲಿದ್ದುದರಿಂದ ಉಳಿದುಕೊಂಡಿತ್ತು. ಕೆಳಗಿನ ಸಾಮಾನೆಲ್ಲ ಕೆಸರು ಕುಡಿದಿತ್ತು. ಒದ್ದೆಯಾದದ್ದನ್ನು ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಬಿಚ್ಚಬೇಕು, ಹಿಂಡಬೇಕು, ಗಾಳಿಗೆ ಹರವಬೇಕು.

ಒದ್ದೆಯಾಗಿದ್ದೂ ಬಾಗಿಲು ಮುಚ್ಚಿಕೊಂಡೇ ಇದ್ದದ್ದು ಮನೆ ಮುಂದಿನ ಕಾರು ಮಾತ್ರ.

ನೀರು ಬಾನೆಟ್ಟಿನ ಅರ್ಧದವರೆಗೆ ಬಂದಿತ್ತೆಂದು ಕೆಸರಿನ ಗೆರೆಯೇ ಹೇಳುತ್ತಿತ್ತು. ಬೆಳಿಗ್ಗೆ ಅದನ್ನು ಕಂಡ ಕೂಡಲೇ ಮಗಳು, "ಅಪ್ಪಾ, ಒಂದೇ ಒಂದ್ಸಲ ಸ್ಟಾರ್ಟ್ ಮಾಡಿ ನೋಡ್ಲಾ?" ಎಂದು ಗೋಗರೆದಿದ್ದಳು. ಹತ್ತೊಂಬತ್ತರ ಹುಡುಗಿ, ಮುಂದಿನ ವಾರ ಡ್ರೈವಿಂಗ್ ಟೆಸ್ಟು. ಊಟದ ತಟ್ಟೆ ಕೈಗೆ ಬಂದರೂ ಸ್ಟೀರಿಂಗಿನ ಹಾಗೆ ತಿರುಗಿಸುವಷ್ಟು ಹುಚ್ಚು.

"ಕೀ ಮುಟ್ಟಿದ್ರೆ ಬೆರಳು ಮುರೀತೀನಿ" ಎಂದಿದ್ದ ಅಪ್ಪ.

ರಿಪೇರಿ ಶೆಡ್ಡಿನ ಸ್ಪ್ಯಾನರಣ್ಣನೂ ಫೋನಿನಲ್ಲಿ ಎಚ್ಚರಿಸಿದ್ದ. "ನಾನು ಪ್ಲಗ್ ಬಿಚ್ಚೋವರೆಗೂ ಯಾರೂ ಕೀ ತಿರುಗಿಸ್ಬೇಡಿ ಸಾರ್. ಒಳಗೆ ನೀರಿದ್ರೆ ಪಿಸ್ಟನ್ ಅದನ್ನ ಒತ್ತೋಕೆ ಹೋಗತ್ತೆ. ಗಾಳಿ ಆದ್ರೆ ಕುಗ್ಗತ್ತೆ, ನೀರು ಕುಗ್ಗಲ್ಲ. ಆಮೇಲೆ ಬಗ್ಗೋದು ಕಬ್ಬಿಣಾನೇ." ಫೋನು ಸ್ಪೀಕರಿನಲ್ಲಿತ್ತು. ಟೈಲರಮ್ಮ ಪಕ್ಕದಲ್ಲೇ ಬಕೆಟ್ಟು ಉಜ್ಜುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮಧ್ಯಾಹ್ನ ಗಂಡ ಹಿಂದಿನ ಕೋಣೆಯ ಕೆಸರು ತಳ್ಳುತ್ತಿದ್ದ. ಮಗಳು ಬಟ್ಟೆ ಮಗುಚಲು ಟೆರೇಸಿಗೆ ಹೋಗಿದ್ದಳು. ಟೈಲರಮ್ಮ ಕಾರಿನ ಬಾಗಿಲು ತೆರೆದಳು. ಮುಗ್ಗಲು ವಾಸನೆ ಮುಖಕ್ಕೆ ರಾಚಿತು. ಗಾಜು ಇಳಿಸಿದರೆ ಸೀಟುಗಳಾದರೂ ಆರಿಯಾವು ಅನ್ನಿಸಿತು. ಗಾಜು ಇಳಿಯಬೇಕಾದರೆ ಕೀಲಿಯನ್ನು ಒಂದಿಷ್ಟು ತಿರುಗಿಸಬೇಕು. ಓಡಿಸಲು ಬಾರದಿದ್ದರೂ ಅಷ್ಟು ಅವಳಿಗೆ ಗೊತ್ತಿತ್ತು. ತಿರುಗಿಸಿದಳು. ಗಾಜು ಅಲುಗಲಿಲ್ಲ. ಇನ್ನಷ್ಟು ತಿರುಗಿಸಿದಳು. ಇಂಜಿನ್ ಗೊರ್ರ್ ಎಂದು ನಿಂತಿತು. ಒಲೆಗೆ ತಾಗಿದಂತೆ ಕೈ ಹಿಂದಕ್ಕೆಳೆದುಕೊಂಡಳು.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆ ಸದ್ದು ಕೇಳಿ ಅವಳಿಗೆ ಆಸೆ ಹುಟ್ಟಿತು. ಕಾರಿಗೆ ಇನ್ನೂ ಜೀವ ಇದೆಯಲ್ಲ! ಮೂರು ದಿನದಿಂದ ಮನೆಯಲ್ಲಿ ಇದೂ ಹೋಯಿತು, ಅದೂ ಹೋಯಿತು ಎನ್ನುವುದೇ ಮಾತು. ರೀ, ಬನ್ನಿ ಇಲ್ಲಿ, ಇದೊಂದು ಹೋಗಿಲ್ಲ ನೋಡಿ ಎಂದು ಕರೆದು ಗಂಡನ ಮುಖ ಅರಳುವುದನ್ನು ನೋಡಬೇಕೆನ್ನಿಸಿತು. ಎರಡನೆಯ ಸಲ ತಿರುಗಿಸಿದಳು. ಇಂಜಿನ್ ಕೆಮ್ಮಿ ಕೆಮ್ಮಿ ಹತ್ತಿಕೊಂಡಂತಾಯಿತು. ಮರುಕ್ಷಣ ಒಳಗೆಲ್ಲೋ ಟಣ್ ಎಂದು ಬಡಿದು ಎಲ್ಲವೂ ಸ್ತಬ್ಧವಾಯಿತು.

ಕೀಲಿಯನ್ನು ಒರೆಸಿ ಮೊಳೆಗೆ ತೂಗುಹಾಕಿ ಬಂದು ಮತ್ತೆ ಹಾಸಿಗೆ ಮಗುಚಿದಳು. ಮೊದಲನೆಯದನ್ನು ಕೈತಪ್ಪು ಎನ್ನಬಹುದಿತ್ತು. ಎರಡನೆಯದಕ್ಕೆ ಹಾಗೆನ್ನಲು ಅವಳಿಗೇ ಬಾಯಿ ಬರಲಿಲ್ಲ.

ಮಾರನೆಯ ದಿನ ಕಾರನ್ನು ಶೆಡ್ಡಿಗೆ ಎಳೆಸಿದರು. ಮೂವರೂ ಹಿಂದೆ ಹೋದರು. ನೆನೆದ ಕಾರುಗಳು ಅಲ್ಲಿ ಬಾನೆಟ್ ಎತ್ತಿಕೊಂಡು, ಹಲ್ಲಿನ ಡಾಕ್ಟರ ಮುಂದೆ ಬಾಯಿ ಕಳೆದವರ ಹಾಗೆ ಸಾಲಾಗಿ ನಿಂತಿದ್ದವು. ಸ್ಪ್ಯಾನರಣ್ಣ ಆಯಿಲ್ ಇಳಿಸಿದ. ಹಾಲು ಜಾಸ್ತಿಯಾದ ಕಾಫಿಯ ಬಣ್ಣ. "ಇದು ಪರವಾಗಿಲ್ಲ, ಎರಡು ಮೂರು ಸಲ ಬದಲಾಯಿಸಿದ್ರೆ ತೊಳ್ಕೊಂಡು ಹೋಗತ್ತೆ" ಎಂದ. ನಾಲ್ಕೂ ಪ್ಲಗ್ ಬಿಚ್ಚಿ, ಸ್ಪ್ಯಾನರ್ ಹಾಕಿ ಇಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿದ. ತೂತುಗಳಿಂದ ನೀರು ಚಿಮ್ಮಿತು. ಆಮೇಲೆ ಒಂದು ತಂತಿ ತಂದು, ಒಂದೊಂದು ಪಿಸ್ಟನ್ನೂ ಮೇಲೆ ಬಂದಾಗ ಅದರ ತೂತಿಗೆ ಇಳಿಬಿಟ್ಟು, ಎಷ್ಟು ಇಳಿಯಿತೆಂದು ಉಗುರಿನಲ್ಲಿ ಗುರುತು ಹಿಡಿದ. ಒಂದು, ಎರಡು, ನಾಲ್ಕನೆಯದಕ್ಕೆ ಒಂದೇ ಅಳತೆ. ಮೂರನೆಯದರಲ್ಲಿ ಮಾತ್ರ ತಂತಿ ಒಂದು ಕಾಳಿನಷ್ಟು ಹೆಚ್ಚು ಇಳಿಯಿತು.

ಮತ್ತೆ ಅಳೆದ. ಮತ್ತೂ ಅಷ್ಟೇ. ಅಳತೆಯ ಕೆಲಸ ಟೈಲರಮ್ಮನದೂ ಹೌದು. ಆ ಕಾಳಿನಷ್ಟು ವ್ಯತ್ಯಾಸ ಅವಳ ಕಣ್ಣಿಗೂ ತಪ್ಪಲಿಲ್ಲ.

"ಪಿಸ್ಟನ್ ತಳ್ಳೋ ರಾಡ್ ಬಗ್ಗಿದೆ ಸಾರ್, ಅದಕ್ಕೇ ಅದು ಪೂರ್ತಿ ಮೇಲೆ ಬರ್ತಿಲ್ಲ. ನಿಂತಲ್ಲೇ ನೆನೆದಿದ್ರೆ ಹೀಗಾಗಲ್ಲ. ಯಾರೋ ಕೀ ತಿರುಗಿಸಿದಾರೆ. ಇನ್ನು ಪೂರ್ತಿ ಇಂಜಿನ್ ಇಳಿಸ್ಬೇಕು."

ಗಂಡ ಹೆಂಡತಿಯ ಕಡೆ ನೋಡಲೇ ಇಲ್ಲ. ನೇರ ಮಗಳ ಕಡೆ ತಿರುಗಿದ.

"ನಾನಲ್ಲಪ್ಪ."

"ನಾನಿನ್ನೂ ಕೇಳೇ ಇಲ್ವಲ್ಲ!"

"ನೀವು ನೋಡಿದ ರೀತೀಲೇ ಗೊತ್ತಾಯ್ತು. ನಾನಲ್ಲ."

"ಮತ್ಯಾರು, ನಿಮ್ಮಜ್ಜಿ ಫೋಟೋದಿಂದ ಇಳಿದು ಬಂದ್ಲಾ? ಒಂದ್ಸಲ, ಒಂದ್ಸಲ ಅಂತ ಕುಣೀತಿದ್ದದ್ದು ಯಾರು?"

ಪಕ್ಕದ ಕಾರುಗಳವರೆಲ್ಲ ಇತ್ತ ಕಿವಿ ಕೊಟ್ಟರು. "ಬಿಡಿ ಸಾರ್, ಹುಡುಗು ಬುದ್ಧಿ" ಎಂದ ಸ್ಪ್ಯಾನರಣ್ಣ. ಬೈಗುಳಕ್ಕಿಂತ ಆ ಕನಿಕರವೇ ಹುಡುಗಿಗೆ ಹೆಚ್ಚು ಚುಚ್ಚಿತು. ಕಣ್ಣು ತುಂಬಿಕೊಂಡು, "ಅಮ್ಮಾ, ನೀನಾದ್ರೂ ಹೇಳು. ನಾನು ಟೆರೇಸ್ ಮೇಲಿದ್ನಲ್ವಾ?" ಎಂದಳು.

"ಮನೆಗೆ ಹೋಗಿ ಮಾತಾಡೋಣ" ಎಂದಷ್ಟೇ ಹೇಳಿದಳು ಟೈಲರಮ್ಮ.

ಮನೆಗೆ ಹೋದ ಮೇಲೆ ಮಾತಾಡಿದ್ದೆಲ್ಲ ಗಂಡನೇ. ಟೆಸ್ಟಿಗೆ ಹೋಗಕೂಡದು. ಇನ್ನು ಯಾರ ಕಾರಿನ ಸ್ಟೀರಿಂಗೂ ಮುಟ್ಟಕೂಡದು. "ಇಂಜಿನ್ ಹೋಗಿದ್ದಕ್ಕಲ್ಲ ಸಿಟ್ಟು, ಮುಖ ನೋಡ್ಕೊಂಡು ಸುಳ್ಳು ಹೇಳ್ತೀಯಲ್ಲ, ಅದಕ್ಕೆ." ಅವನು ಮಗಳನ್ನು ನೋಡುತ್ತ ಹೇಳುತ್ತಿದ್ದ. ತಾಯಿ ಕಸಬರಿಗೆ ಹಿಡಿದು, ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು.

ಎರಡು ದಿನ ಕಳೆಯಿತು. ಅವಳು ಮಗಳ ಹರಿದ ಜೇಬು ಹೊಲಿದಳು, ಸಡಿಲವಾದ ಗುಂಡಿಗಳನ್ನು ಬಿಗಿ ಮಾಡಿದಳು, ಬೇಡವೆಂದರೂ ತಟ್ಟೆಗೆ ಎರಡು ತುತ್ತು ಹೆಚ್ಚು ಬಡಿಸಿದಳು. ಹೇಳುವ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದಳು. ಸಂಜೆ ಗುಂಡಿ ಹಚ್ಚುತ್ತ ಕೂತಾಗ ಮಗಳು ಬಂದು ಹೆಗಲಿಗೆ ತಲೆ ಇಟ್ಟಳು.

"ನೀನೊಬ್ಬಳೇ ಅಮ್ಮ ನನ್ನ ನಂಬೋದು."

ಸೂಜಿ ಬೆರಳಿಗೆ ಹೊಕ್ಕಿತು. ಟೈಲರಮ್ಮ ಅದನ್ನು ಎಳೆದು ಮುಂದಿನ ಗುಂಡಿ ಎತ್ತಿಕೊಂಡಳು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಮೂವರೂ ಚಹಾ ಹಿಡಿದಿದ್ದಾಗ, ಒಲೆಯ ಕಡೆ ಮುಖ ಮಾಡಿಯೇ ಅವಳು ಹೇಳಿಬಿಟ್ಟಳು. "ರೀ, ಕೀ ತಿರುಗಿಸಿದ್ದು ನಾನು."

"ನೀನಾ? ಕಾರಿನ ತಲೆ ಯಾವ್ದು, ಬಾಲ ಯಾವ್ದು ಗೊತ್ತಿಲ್ಲ ನಿಂಗೆ!"

"ಗಾಜು ಇಳಿಸೋಕೆ ಹೋದೆ. ಸದ್ದು ಬಂತು. ಎರಡನೇ ಸಲ ಬೇಕಂತ್ಲೇ ತಿರುಗಿಸ್ದೆ. ಹತ್ತಿಕೊಂಡ್ರೆ ನಿಮಗೆ ಖುಷಿಯಾಗತ್ತೆ ಅಂತ."

ಗಂಡ ಕಣ್ಣು ಕಣ್ಣು ಬಿಟ್ಟ. ಆಮೇಲೆ ಭುಜ ಕುಲುಕಿಸಿ ನಕ್ಕ. "ಹಾಸಿಗೆ ಒಣಗಿಸಿದ ಹಾಗೆ ಕಾರು ಒಣಗಿಸೋಕೆ ಹೋದ್ಯಾ? ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕ್ಬೇಕಿತ್ತು! ಹೋಗ್ಲಿ ಬಿಡೇ, ಆಗಿದ್ದು ಆಯ್ತು."

ಅಷ್ಟೇ. ಎರಡು ದಿನ ಮಗಳ ಮೇಲೆ ಉರಿದ ಸಿಟ್ಟು ಹೆಂಡತಿಯ ಪಾಲಿಗೆ ಚಹಾ ಆರುವ ಮೊದಲೇ ಮುಗಿದಿತ್ತು. ಅವನು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಮಗಳು ನಗಲಿಲ್ಲ. "ಶೆಡ್ಡಲ್ಲಿ ನಾನು ಕೇಳ್ದಾಗ್ಲೇ ನಿಂಗೆ ಗೊತ್ತಿತ್ತು."

"ಹೂಂ."

"ನಿನ್ನೆ ಹೆಗಲಿಗೆ ತಲೆ ಇಟ್ಟಾಗ್ಲೂ."

"ಹೂಂ ಮರಿ."

"ಟೆಸ್ಟಿಗೆ ಹೋಗಮ್ಮ, ನಂದೂ ತಪ್ಪಾಯ್ತು" ಎಂದು ಅಪ್ಪ ನಡುವೆ ಬಾಯಿ ಹಾಕಿದ.

"ನಿಮ್ಮ ಮೇಲೆ ಬೇಜಾರಿಲ್ಲಪ್ಪ. ನಿಮಗೆ ಗೊತ್ತಿರ್ಲಿಲ್ಲ." ಹುಡುಗಿ ಲೋಟ ತೊಳೆದು ಮಗುಚಿಟ್ಟಳು. "ಬೈಸ್ಕೊಂಡಿದ್ದು ಅಷ್ಟು ಜನರ ಮುಂದೆ. ಒಪ್ಕೊಳ್ಳೋದು ಅಡುಗೆಮನೇಲಾ?"

ಟೈಲರಮ್ಮ ಒಲೆ ಆರಿಸಿದಳು. ಚಪ್ಪಲಿ ಮೆಟ್ಟಿದಳು.

ಇಬ್ಬರೂ ಶೆಡ್ಡಿಗೆ ನಡೆದರು. ಮಗಳು ಶೆಡ್ಡಿನ ಬಾಗಿಲಲ್ಲೇ ಕೈಕಟ್ಟಿ ನಿಂತಳು. ಒಳಗೆ ಇಂಜಿನ್ ಬಿಚ್ಚಿಕೊಂಡು ಬಿದ್ದಿತ್ತು. ಯಾರೋ ಗ್ರೈಂಡರ್ ಹಿಡಿದು ಕಬ್ಬಿಣ ಉಜ್ಜುತ್ತಿದ್ದರು, ಕಿಡಿ ಹಾರುತ್ತಿತ್ತು. ಸ್ಪ್ಯಾನರಣ್ಣ ಬಗ್ಗಿದ ರಾಡನ್ನು ಎತ್ತಿ ತೋರಿಸಿದ.

"ಕೀ ತಿರುಗಿಸಿದ್ದು ನಾನಣ್ಣ, ಮಗಳಲ್ಲ" ಎಂದಳು.

ಅವನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಅಯ್ಯೋ ಇರ್ಲಿ ಬಿಡಿ ಅಕ್ಕ, ಇಷ್ಟು ಹೇಳೋಕೆ ಇಲ್ಲೀತನಕ ಬಂದ್ರಾ?"

"ಕೇಳಿಸ್ಲಿಲ್ಲ" ಎಂದಳು ಮಗಳು ಬಾಗಿಲಿಂದ. "ಗ್ರೈಂಡರ್ ಸದ್ದು."

ಗ್ರೈಂಡರ್ ಹಿಡಿದವನು ಏನೋ ಎಂತೋ ಎಂದು ಸ್ವಿಚ್ಚು ಆರಿಸಿದ. ಕಾರು ಬಿಟ್ಟುಹೋಗಲು ಬಂದಿದ್ದ ನಾಲ್ಕಾರು ಜನ ತಿರುಗಿ ನೋಡಿದರು. ಟೈಲರಮ್ಮ ಅವರತ್ತ ತಿರುಗಿದಳು.

"ಈ ಇಂಜಿನ್ ಕೆಡಿಸಿದ್ದು ನಾನು. ಮಗಳು ಮುಟ್ಟಿಲ್ಲ. ಅವಳು ಬೈಸ್ಕೊಳ್ತಿದ್ದಾಗ ನಾನು ಇಲ್ಲೇ ನಿಂತಿದ್ದೆ. ಬಾಯಿ ಬಿಡ್ಲಿಲ್ಲ."

ಒಬ್ಬರು ಸುಮ್ಮನೆ ಕೆಮ್ಮಿದರು. ಮಗಳು ಕಟ್ಟಿದ ಕೈ ಬಿಟ್ಟು ಒಳಗೆ ಬಂದಳು, ತಾಯಿಯ ಮುಖ ನೋಡದೆ ಸ್ಪ್ಯಾನರಣ್ಣನ ಮುಂದೆ ಬಗ್ಗಿ ನಿಂತಳು. "ಎಲ್ಲಿ ಬಗ್ಗಿರೋದು, ತೋರ್ಸಿ ಅಣ್ಣ."

ಟೈಲರಮ್ಮ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು, ಮಗಳ ಬೆಳಕಿಗೆ ತಾನು ಅಡ್ಡವಾಗದಿರಲೆಂದು.